ಬ್ರೇಕಿಲ್ಲದ ಜಾವಾ

ಜಾವಾ ಅಂದರೆ ಮೈಸೂರಿನವರ ಕಿವಿ ನೆಟ್ಟಗಾಗುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ, ಅಲ್ಲಿಂದ 1961ರಿಂದ ಹೊರಬಿದ್ದ ಬೈಕುಗಳು, ಆಮೇಲೆ ಅದೇ ಬೈಕು ಯೆಜ್ಡಿ ಆದದ್ದು, 1996ರಲ್ಲಿ ಗೇಟಿಗೆ ಬೀಗ ಬಿದ್ದದ್ದು, ಇದನ್ನೆಲ್ಲ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಫ್ಲಾಟ್ ಕೊಂಡು ನೆಲೆಸಿದವರೂ ಊರಿನ ಮನೆಯ ಹಿತ್ತಿಲಲ್ಲಿ ಅಪ್ಪನ ಕಾಲದ ಜಾವಾವನ್ನು ಗೋಣಿಚೀಲ ಹೊದಿಸಿ ಇಟ್ಟಿರುತ್ತಾರೆ. ಮಾರು ಅಂದರೆ ಮಾರುವುದಿಲ್ಲ, ಓಡಿಸು ಅಂದರೆ ಪಾರ್ಟ್ಸ್ ಸಿಗುವುದಿಲ್ಲ.

ಆದರೆ ಅದೇ ಹೆಸರಿನ ಇನ್ನೊಂದು ಬೈಕು ಇದೆ. ನಮ್ಮ ರಸ್ತೆಗೆ ಅದು ಬಂದದ್ದಿಲ್ಲ, ಬರುವ ಹಾಗೂ ಇಲ್ಲ. ಅದಕ್ಕೆ ಬ್ರೇಕ್ ಇಲ್ಲ. ಹಿಂದಿನ ಚಕ್ರಕ್ಕೂ ಇಲ್ಲ, ಮುಂದಿನದಕ್ಕೂ ಇಲ್ಲ. ಗಿಯರ್ ಒಂದೇ. ನಮ್ಮ ಮೈಸೂರು ಜಾವಾಕ್ಕೂ ಅದಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ನಮ್ಮದು 250 ಸಿಸಿಯ ಟೂ ಸ್ಟ್ರೋಕ್, ಅದು 500 ಸಿಸಿಯ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್. ಜೆಕ್ ದೇಶದ ದಿವಿಶೊವ್ ಎಂಬ ಸಣ್ಣ ಊರಿನಲ್ಲಿ ಎಸೊ ಎಂಬ ಹೆಸರಿನಲ್ಲಿ ಅದನ್ನು ಮಾಡುತ್ತಿದ್ದರು. ಅರವತ್ತರ ದಶಕದಲ್ಲಿ ಆ ಕಾರ್ಖಾನೆ ಜಾವಾದೊಳಗೆ ಸೇರಿಕೊಂಡಿತು. ಮೈಸೂರಿನಲ್ಲಿ ನಮ್ಮ ಹಿರಿಯರು ಜಾವಾ ಮೇಲೆ ಹಾಲು, ಪೇಪರು, ಹೆಂಡತಿ, ಮಕ್ಕಳನ್ನು ಸಾಗಿಸುತ್ತಿದ್ದ ದಿನಗಳಲ್ಲೇ ಯೂರೋಪಿನಲ್ಲಿ ಆ ಬ್ರೇಕಿಲ್ಲದ ಜಾವಾ ವಿಶ್ವ ಚಾಂಪಿಯನ್ನುಗಳನ್ನು ತಯಾರು ಮಾಡುತ್ತಿತ್ತು. ಆಟದ ಹೆಸರು ಸ್ಪೀಡ್‌ವೇ.

(ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇ ನೋಡಿದವರು ಗೊಂದಲ ಮಾಡಿಕೊಳ್ಳಬಾರದು. ಅದು ಡಾಂಬರಿನ ಮೇಲೆ ಎಡಬಲ ತಿರುಗುವ ರೇಸ್ ಟ್ರ್ಯಾಕು. ಹೆಸರು ಮಾತ್ರ ಸ್ಪೀಡ್‌ವೇ.)

ನಿಜವಾದ ಸ್ಪೀಡ್‌ವೇ ಮಣ್ಣಿನಲ್ಲಿ ನಡೆಯುತ್ತದೆ. ಮುನ್ನೂರು ಮುನ್ನೂರೈವತ್ತು ಮೀಟರಿನ ಒಂದು ಮೊಟ್ಟೆಯಾಕಾರದ ಟ್ರ್ಯಾಕು, ಅದರ ಮೇಲೆ ಕಲ್ಲಿನ ಪುಡಿ ಹರಡಿರುತ್ತದೆ. ನಾಲ್ವರು ಸವಾರರು, ನಾಲ್ಕು ಸುತ್ತು, ಎಲ್ಲವೂ ಎಡಕ್ಕೇ. ಮುಂದೆ ಅಡ್ಡ ಕಟ್ಟಿದ ಟೇಪು ಮೇಲಕ್ಕೆ ಹಾರಿದ ಕ್ಷಣ ಕ್ಲಚ್ ಬಿಡಬೇಕು. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಗೆದ್ದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಬ್ರಿಟನ್ನಿನ ಕ್ಲಬ್ ಪಂದ್ಯದಲ್ಲಿ ಇಂಥ ಹದಿನೈದು ಓಟ. ಮಕ್ಕಳಿಗೂ ಲೆಕ್ಕ ಅರ್ಥವಾಗುತ್ತದೆ, ಕ್ರಿಕೆಟ್ಟಿನ ಡಕ್ವರ್ತ್ ಲೂಯಿಸ್ ಥರ ಅಲ್ಲ.

ಬ್ರೇಕ್ ಇಲ್ಲದೆ ತಿರುವಿನಲ್ಲಿ ಹೇಗೆ ತಿರುಗುತ್ತಾರೆ? ಅದೇ ಈ ಆಟದ ಜೀವ. ತಿರುವು ಬರುವ ಮೊದಲೇ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ. ಬೈಕಿನ ಬಾಲ ಹೊರಕ್ಕೆ ಬೀಸುತ್ತದೆ, ಹ್ಯಾಂಡಲ್ಲು ಬಲಕ್ಕೆ ತಿರುಗಿರುತ್ತದೆ, ಬೈಕು ಮಾತ್ರ ಎಡಕ್ಕೆ ಹೋಗುತ್ತಿರುತ್ತದೆ. ಎಡಗಾಲಿನ ಬೂಟಿಗೆ ಉಕ್ಕಿನ ತಟ್ಟೆ ಕಟ್ಟಿರುತ್ತಾರೆ. ಆ ಕಾಲನ್ನು ನೆಲಕ್ಕೆ ಸವರುತ್ತ, ಆಕ್ಸಿಲರೇಟರಿನಿಂದಲೇ ಬೈಕನ್ನು ತಿರುಗಿಸುತ್ತಾರೆ. ಭಯವಾಗಿ ಆಕ್ಸಿಲರೇಟರ್ ಬಿಟ್ಟರೆ ಬೈಕು ನೆಟ್ಟಗೆ ಹೋಗಿ ಬೇಲಿಗೆ ಬಡಿಯುತ್ತದೆ. ಬ್ರೇಕ್ ಯಾಕಿಲ್ಲ ಅಂತ ಕೇಳಿದರೆ ಅದಕ್ಕೂ ತರ್ಕ ಇದೆ. ಗುಂಪಿನಲ್ಲಿ ಮುಂದಿನವನು ತಟ್ಟನೆ ಬ್ರೇಕ್ ಹಾಕಿದರೆ ಹಿಂದಿನವರು ಅವನ ಬೆನ್ನಿಗೆ ಹತ್ತುತ್ತಾರೆ. ಯಾರಿಗೂ ಬ್ರೇಕ್ ಇಲ್ಲ ಅಂದಮೇಲೆ ಎಲ್ಲರೂ ಸಮ.

ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್. ಅದರ ಜೊತೆ ಖನಿಜದ ಎಣ್ಣೆ ಹೊಂದುವುದಿಲ್ಲವಾದ್ದರಿಂದ ಎಂಜಿನ್ನಿಗೆ ಹಾಕುತ್ತ ಬಂದದ್ದು ಹರಳೆಣ್ಣೆ. ಹೌದು, ನಮ್ಮಜ್ಜಿ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಇಂಗ್ಲೆಂಡಿನ ಹಳೆಯ ಅಭಿಮಾನಿಗಳು ಸ್ಪೀಡ್‌ವೇ ನೆನಪು ಅಂದರೆ ಮೊದಲು ಹೇಳುವುದೇ ಆ ಸುಟ್ಟ ಹರಳೆಣ್ಣೆಯ ವಾಸನೆಯನ್ನು.

ಇದು ಹುಟ್ಟಿದ ಊರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ವೆಸ್ಟ್ ಮೇಟ್ಲೆಂಡ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ಕೃಷಿ ಸಂಘದ ಮೈದಾನದಲ್ಲಿ 1923ರ ಡಿಸೆಂಬರಿನಲ್ಲಿ ದೀಪದ ಬೆಳಕಿನಲ್ಲಿ ಒಂದು ಜಾತ್ರೆ ಏರ್ಪಾಟಾಯಿತು. ಸಂಘದ ಕಾರ್ಯದರ್ಶಿ ಜಾನಿ ಹಾಸ್ಕಿನ್ಸ್ ಎಂಬ ನ್ಯೂಜಿಲೆಂಡಿನವನು ಜನ ಸೇರಿಸಲು ಬೈಕ್ ಓಟ ಇಟ್ಟ. ಅದಕ್ಕೂ ಮೊದಲು ಅಮೆರಿಕದಲ್ಲಿ ಇತ್ತು, ಬೇರೆಡೆ ಇತ್ತು ಎಂಬ ತಕರಾರು ಇದ್ದೇ ಇದೆ. ಇರಲಿ. 1928ರ ಫೆಬ್ರವರಿ 19ರಂದು ಲಂಡನ್ನಿನ ಹೊರಗೆ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಒಂದು ಪಬ್ಬಿನ ಹಿಂದಿನ ಟ್ರ್ಯಾಕಿನಲ್ಲಿ ಓಟ ನಡೆದಾಗ ಕೆಲವು ಸಾವಿರ ಜನ ಬಂದಾರು ಅಂದುಕೊಂಡಿದ್ದ ಕಡೆ ಸುಮಾರು ಮೂವತ್ತು ಸಾವಿರ ಜನ ಬಂದರಂತೆ. ಒಂದೆರಡು ವರ್ಷದಲ್ಲಿ ಇಂಗ್ಲೆಂಡಿನ ಊರೂರಿಗೆ ಟ್ರ್ಯಾಕು ಬಂತು. ಹೆಂಗಸರೂ ಓಡಿಸಿದರು. ಐರ್ಲೆಂಡಿನ ಫೇ ಟೇಲರ್ ಗಂಡಸರನ್ನೇ ಸೋಲಿಸುತ್ತಿದ್ದಳು. 1930ರಲ್ಲಿ ಹೆಂಗಸರಿಗೆ ನಿಷೇಧ ಹಾಕಿ ಆ ಬಾಗಿಲು ಮುಚ್ಚಿದರು.

ಲಂಡನ್ನಿನ ಪೂರ್ವಕ್ಕೆ, ಹಡಗುಕಟ್ಟೆಯ ಕೂಲಿಕಾರರ ಬಡಾವಣೆ ಕಸ್ಟಮ್ ಹೌಸ್. ಅಲ್ಲಿ ವೆಸ್ಟ್ ಹ್ಯಾಮ್ ಸ್ಟೇಡಿಯಂ ಇತ್ತು. ಹಾಸ್ಕಿನ್ಸ್ ಅಲ್ಲಿಗೇ ಬಂದು ಪಂದ್ಯ ನಡೆಸಿದ. ಅಲ್ಲಿ ಓಡಿಸುತ್ತಿದ್ದವನು ಬ್ಲೂಯಿ ವಿಲ್ಕಿನ್ಸನ್, ಆಸ್ಟ್ರೇಲಿಯಾದವನು. 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನಡೆದಾಗ ಅವನು ತನ್ನ ಐದೂ ಓಟ ಗೆದ್ದ. ಒಂದನ್ನೂ ಸೋಲಲಿಲ್ಲ. ಆದರೂ ಚಾಂಪಿಯನ್ ಆಗಲಿಲ್ಲ! ಹಿಂದಿನ ಸುತ್ತುಗಳ ಬೋನಸ್ ಅಂಕ ಕೂಡಿಸುವ ನಿಯಮ ಇತ್ತು, ಅದರಿಂದ ಲಯನೆಲ್ ವಾನ್ ಪ್ರಾಗ್‌ಗೆ ಪಟ್ಟ ಹೋಯಿತು. ಎರಡು ವರ್ಷದ ನಂತರ, 1938ರಲ್ಲಿ, ಫೈನಲ್ಲಿನ ಹಿಂದಿನ ರಾತ್ರಿ ವಿಲ್ಕಿನ್ಸನ್ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಮರುದಿನ ಪಟ್ಟಿ ಕಟ್ಟಿಸಿಕೊಂಡು ಬಂದು ಗೆದ್ದ. ನಿವೃತ್ತಿಯಾಗಿ ಊರಿಗೆ ಹೋದವನು 1940ರಲ್ಲಿ ಸಿಡ್ನಿಯ ರಸ್ತೆಯೊಂದರಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತ. ಟ್ರ್ಯಾಕಿನಲ್ಲಿ ಬದುಕಿ ಬೀದಿಯಲ್ಲಿ ಹೋದ.

ವೆಸ್ಟ್ ಹ್ಯಾಮ್ ಸ್ಟೇಡಿಯಂ 1972ರಲ್ಲಿ ಮುಚ್ಚಿತು. ಕೆಡವಿದರು, ಮನೆ ಕಟ್ಟಿದರು. ಈಗ ಅಲ್ಲಿ ವಿಲ್ಕಿನ್ಸನ್ ರೋಡ್ ಇದೆ, ಹಾಸ್ಕಿನ್ಸ್ ಕ್ಲೋಸ್ ಇದೆ, ಅಟ್ಕಿನ್ಸನ್ ರೋಡ್, ಯಂಗ್ ರೋಡ್ ಇವೆ. ಎಲ್ಲವೂ ಆ ಟ್ರ್ಯಾಕಿನವರ ಹೆಸರು. ಅಲ್ಲಿ ಬಾಡಿಗೆಗಿರುವವರಿಗೆ ಆ ಹೆಸರು ಯಾರದೆಂದು ಗೊತ್ತಿರಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಸಂಪಂಗಿ ಕೆರೆ ಹೋಗಿ ಕಂಠೀರವ ಸ್ಟೇಡಿಯಂ ಬಂತು, ಕೆರೆಯ ಹೆಸರು ಸಂಪಂಗಿರಾಮನಗರದ ಬೋರ್ಡಿನಲ್ಲಿ ಉಳಿಯಿತು. ಅಲ್ಲಿ ಸ್ಟೇಡಿಯಂ ಹೋಗಿ ಮನೆ ಬಂತು. ಹೆಸರು ಉಳಿಸುವ ವಿಷಯದಲ್ಲಿ ಎರಡೂ ಊರುಗಳದ್ದು ಒಂದೇ ಜಾಣತನ.

ಸವಾರರ ವಿಷಯಕ್ಕೆ ಬಂದರೆ ನನಗೆ ಹತ್ತಿರದವನು ಐವನ್ ಮೇಜರ್. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ಮೌಗರ್ ಅಂತ ಅನ್ನಿಸುತ್ತದೆ, ಕರೆಯುವುದು ಮೇಜರ್. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಹುಡುಗ. 1957ರಲ್ಲಿ, ಇನ್ನೂ ಹದಿನೇಳು ವರ್ಷ, ಹಡಗು ಹತ್ತಿ ಲಂಡನ್ನಿಗೆ ಬಂದ. ವಿಂಬಲ್ಡನ್ ಟ್ರ್ಯಾಕಿನಲ್ಲಿ ಮೈದಾನದ ಕೆಲಸ ಮಾಡುತ್ತ ಓಡಿಸಲು ಅವಕಾಶ ಕಾಯ್ದ. ಅವಕಾಶ ಅಷ್ಟಾಗಿ ಸಿಗಲಿಲ್ಲ, ಸಿಕ್ಕಾಗ ಹೊಳೆಯಲಿಲ್ಲ. ಊರಿಗೆ ವಾಪಸಾದ. ಪಟ್ಟಣಕ್ಕೆ ಬಂದು ಕೆಲಸ ಕೈಗೂಡದೆ ರಾತ್ರಿ ಬಸ್ಸಿಗೆ ಊರಿಗೆ ಹಿಂತಿರುಗಿದ ಹುಡುಗರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ, ಅವರ ಮುಖ ಹೇಗಿರುತ್ತದೆ ಎಂಬುದು ಮುಂಬೈ ಕನ್ನಡಿಗರಿಗೆ ಗೊತ್ತು. ಮೇಜರ್ ಆಸ್ಟ್ರೇಲಿಯಾದ ಟ್ರ್ಯಾಕುಗಳಲ್ಲಿ ಮತ್ತೆ ಅಆಇಈಯಿಂದ ಕಲಿತ. 1963ರಲ್ಲಿ ಎರಡನೇ ಸಲ ಇಂಗ್ಲೆಂಡಿಗೆ ಹೊರಟ, ಈ ಸಲ ಉತ್ತರದ ನ್ಯೂಕ್ಯಾಸಲ್ ಕ್ಲಬ್ಬಿಗೆ.

1968, 69, 70. ಸತತ ಮೂರು ವರ್ಷ ವಿಶ್ವ ಚಾಂಪಿಯನ್. ಅದಕ್ಕೆ ಮೊದಲು ಯಾರೂ ಹಾಗೆ ಮಾಡಿರಲಿಲ್ಲ. ಮೂರನೆಯದನ್ನೂ ಗೆದ್ದರೆ ನಿನ್ನ ಬೈಕಿಗೆ ಚಿನ್ನದ ಲೇಪ ಹಾಕಿಸಿಕೊಡುತ್ತೇವೆ ಎಂದು ಇಬ್ಬರು ಅಮೆರಿಕನ್ನರು ಮಾತು ಕೊಟ್ಟಿದ್ದರು, ಕೊಟ್ಟ ಮಾತು ನಡೆಸಿದರು. ಆ ಚಿನ್ನದ ಬೈಕು ಕ್ರೈಸ್ಟ್‌ಚರ್ಚಿನ ಮ್ಯೂಸಿಯಮ್ಮಿಗೆ ಸೇರಿತು. ಮೇಜರ್ ಮತ್ತೆ 1972, 77, 79ರಲ್ಲಿ ಗೆದ್ದ. ಕೊನೆಯ ಸಲ ಗೆದ್ದಾಗ ವಯಸ್ಸು 39. ಒಟ್ಟು ಆರು. 2018ರಲ್ಲಿ ತೀರಿಕೊಂಡ. ಅಲ್ಲಿಯವರೆಗೆ ಆ ಆರನ್ನು ಮುಟ್ಟಿದವನು ಸ್ವೀಡನ್ನಿನ ಟೋನಿ ರಿಕರ್ಡ್‌ಸನ್ ಒಬ್ಬನೇ.

ಎಲ್ಲರಿಗೂ ಮೇಜರನ ಆಯುಸ್ಸು ಸಿಗಲಿಲ್ಲ. ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ಲಬ್ಬಿನ ಪೀಟರ್ ಕ್ರೇವನ್ ಕುಳ್ಳ, ಪೀಚಲು ಮೈ. ಬೈಕಿನ ಮೇಲೆ ಸಮತೋಲದ ಮಾಂತ್ರಿಕ ಅಂತಲೇ ಹೆಸರಾಗಿದ್ದ. 1955ರಲ್ಲೂ 1962ರಲ್ಲೂ ವಿಶ್ವ ಚಾಂಪಿಯನ್. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ ಓಡಿಸುತ್ತಿದ್ದಾಗ ಮುಂದಿನ ಸವಾರ ಬಿದ್ದ. ಅವನ ಮೇಲೆ ಹರಿಯಬಾರದೆಂದು ಕ್ರೇವನ್ ಬೈಕನ್ನು ಪಕ್ಕಕ್ಕೆ ಎಳೆದು ಬೇಲಿಗೆ ಬಡಿದ. ನಾಲ್ಕು ದಿನದ ನಂತರ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ, 29 ವರ್ಷಕ್ಕೆ. ಬಿದ್ದಿದ್ದವನು ಬದುಕಿದ.

ಈಗಲೂ ಅಪಾಯ ಕಡಿಮೆಯಾಗಿದೆ ಅಂತ ಹೇಳಲಾರೆ. ಬೇಲಿಗೆ ಗಾಳಿ ತುಂಬಿದ ದಿಂಬು ಬಂದಿದೆ, ಬೆನ್ನಿಗೆ ಕವಚ ಬಂದಿದೆ. ಆದರೂ 2015ರ ಆಗಸ್ಟಿನಲ್ಲಿ ಪೋಲೆಂಡಿನ ಜೆಲೋನ ಗುರಾದಲ್ಲಿ ಬಿದ್ದ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 23ರ ಹರೆಯದಲ್ಲಿ ವೀಲ್‌ಚೇರಿಗೆ ಬಂದ. ಆ ಕಾಲದ ಅತ್ಯಂತ ಚೆಂದದ ಸವಾರ ಯಾರೆಂದು ಕೇಳಿದರೆ ಬಹಳ ಮಂದಿ ಅವನ ಹೆಸರನ್ನೇ ಹೇಳುತ್ತಿದ್ದರು. 2010ರ ವಿಶ್ವ ಚಾಂಪಿಯನ್, ಪೋಲೆಂಡಿನ ತೊಮಾಷ್ ಗೊಲ್ಲೊಬ್ 2017ರಲ್ಲಿ ಮೊಟೊಕ್ರಾಸ್ ಅಭ್ಯಾಸದಲ್ಲಿ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡ. ಈ ಸವಾರರು ಯಾರೂ ಕ್ಲಬ್ಬಿನ ಖಾಯಂ ನೌಕರರಲ್ಲ. ಬೈಕು ಅವರದೇ, ಎಂಜಿನ್ ರಿಪೇರಿ ಅವರದೇ, ವ್ಯಾನು, ಮೆಕ್ಯಾನಿಕ್ಕು ಎಲ್ಲ ಅವರದೇ ಖರ್ಚು. ಒಂದೇ ವಾರದಲ್ಲಿ ಇಂಗ್ಲೆಂಡು, ಸ್ವೀಡನ್, ಪೋಲೆಂಡು ಅಂತ ಮೂರು ದೇಶದ ಮೂರು ಕ್ಲಬ್ಬಿಗೆ ಓಡಿಸಿ ಹೊಟ್ಟೆ ಹೊರೆಯುತ್ತಾರೆ. ಬಿದ್ದ ವಾರ ಸಂಪಾದನೆ ಇಲ್ಲ. ಬ್ರಿಟನ್ನಿನಲ್ಲಿ ಗಾಯಗೊಂಡ ಸವಾರರಿಗೆಂದೇ ಒಂದು ನಿಧಿ ಇದೆ, ಅಭಿಮಾನಿಗಳು ಗ್ಯಾಲರಿಯಲ್ಲಿ ಡಬ್ಬಿ ಹಿಡಿದು ಅದಕ್ಕೆ ಹಣ ಕೂಡಿಸುತ್ತಾರೆ.

ಹಾಗಂತ ಈ ಆಟಕ್ಕೆ ಕಂಟಕ ಬಂದದ್ದು ಅಪಾಯದಿಂದ ಅಂದುಕೊಳ್ಳಬೇಡಿ. ಟಿವಿಯಿಂದ, ಮೊಬೈಲಿನಿಂದ, ಹೊಸ ತಲೆಮಾರಿನ ಉದಾಸೀನದಿಂದ ಅಂತ ಹೇಳುವವರಿದ್ದಾರೆ. ಅದೂ ಸ್ವಲ್ಪ ನಿಜ. ಗ್ಯಾಲರಿಯಲ್ಲಿ ತಲೆ ನರೆತವರೇ ಹೆಚ್ಚು. ಆದರೆ ನನಗೆ ಮುಖ್ಯ ಕಾರಣ ಅನ್ನಿಸುವುದು ನೆಲ. ಬ್ರಿಟನ್ನಿನ ಬಹುಪಾಲು ಸ್ಪೀಡ್‌ವೇ ಕ್ಲಬ್ಬುಗಳು ಬಾಡಿಗೆದಾರರು.

ಸ್ವಿಂಡನ್ ರಾಬಿನ್ಸ್ ಕ್ಲಬ್ಬಿನ ಕಥೆ ಕೇಳಿ. 1949ರಿಂದ ಊರ ಹೊರಗಿನ ಬ್ಲನ್ಸ್‌ಡನ್ ಸ್ಟೇಡಿಯಮ್ಮಿನಲ್ಲಿ ಓಡಿಸುತ್ತಿದ್ದವರು. 2019ರಲ್ಲಿ ಬ್ರಿಟನ್ನಿನ ಮೊದಲ ದರ್ಜೆಯ ಲೀಗ್ ಗೆದ್ದರು. ಮರುವರ್ಷ ಕೋವಿಡ್. ಆಮೇಲೆ ಸ್ಟೇಡಿಯಂ ಅಭಿವೃದ್ಧಿಯ ಹೆಸರಿನಲ್ಲಿ ಟ್ರ್ಯಾಕ್ ಸಿಗಲಿಲ್ಲ. ಚಾಂಪಿಯನ್ ತಂಡ ಕಪ್ ಎತ್ತಿದ ಮೇಲೆ ಆ ಮೈದಾನದಲ್ಲಿ ಮತ್ತೆ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಪೀಟರ್‌ಬರೋ 2021ರಲ್ಲಿ ಅದೇ ಲೀಗ್ ಗೆದ್ದಿತು. ವಯಸ್ಸಾದವರ ತಂಡ ಅಂತ ಎಲ್ಲರೂ ನಕ್ಕಿದ್ದರು, ಗೆದ್ದು ತೋರಿಸಿದರು. ಅವರು ಓಡಿಸುತ್ತಿದ್ದದ್ದು ಕೃಷಿ ಪ್ರದರ್ಶನದ ಮೈದಾನದಲ್ಲಿ. ಆ ಜಾಗಕ್ಕೆ ಮನೆಗಳ ಯೋಜನೆ ಬಂತು, 2023ರ ನಂತರ ಓಟ ನಿಂತಿತು. ಅದೇ ವರ್ಷ ವುಲ್ವರ್‌ಹ್ಯಾಂಪ್ಟನ್ ಕೂಡ ಹೋಯಿತು. ಗ್ರೇಹೌಂಡ್ ನಾಯಿ ಓಟದವರ ಸ್ಟೇಡಿಯಂ ಅದು, ನಾಯಿ ಓಟಕ್ಕೇ ಹೆಚ್ಚು ದಿನ ಬೇಕು ಅಂದರು. ಸೋತ ತಂಡ ಮುಚ್ಚಿದರೆ ಒಂದು ಮಾತು. ಗೆದ್ದವರೂ ಹೋದರು.

ಕವೆಂಟ್ರಿಯದು ಇನ್ನೂ ವಿಚಿತ್ರ. 1928ರಿಂದಿದ್ದ ಬ್ರ್ಯಾಂಡನ್ ಸ್ಟೇಡಿಯಂ 2016ರ ನಂತರ ಮುಚ್ಚಿತು. ಮಾಲೀಕರಿಗೆ ಮನೆ ಕಟ್ಟಬೇಕು. ಸ್ಥಳೀಯ ಕೌನ್ಸಿಲ್ 2022ರಲ್ಲಿ ಅನುಮತಿ ಕೊಡಲಿಲ್ಲ, ಮೇಲ್ಮನವಿಯೂ ಬಿತ್ತು. ಅಭಿಮಾನಿಗಳು ಗೆದ್ದ ಹಾಗಾಯಿತು. ಆದರೆ ಅಷ್ಟರಲ್ಲಿ ಸ್ಟೇಡಿಯಂ ಪುಂಡರ ಕೈಗೆ ಸಿಕ್ಕಿ, ಬೆಂಕಿ ಬಿದ್ದು, ಟ್ರ್ಯಾಕಿನ ತುಂಬ ಗಿಡಗಂಟಿ ಬೆಳೆದಿತ್ತು. ಮನೆಯೂ ಇಲ್ಲ, ಓಟವೂ ಇಲ್ಲ.

ನಾಯಿ ಓಟದ ಬೆನ್ನು ಹತ್ತಿದ ಆಟಕ್ಕೆ ಇನ್ನೊಂದು ತಲೆನೋವು. ನಾಯಿ ಓಟಕ್ಕೇ ಈಗ ವಿರೋಧ ಬಲವಾಗಿದೆ. ವೇಲ್ಸ್ ಸರ್ಕಾರ 2025ರಲ್ಲಿ ಅದನ್ನು ನಿಷೇಧಿಸುವುದಾಗಿ ಹೇಳಿತು. ನಾಯಿಗಳ ಮೇಲಿನ ಕರುಣೆ ಸರಿಯೇ, ನಾನೂ ಅದರ ಪರ. ಆದರೆ ನಾಯಿ ಓಟ ನಿಂತ ಸ್ಟೇಡಿಯಮ್ಮಿನಲ್ಲಿ ವಾರಕ್ಕೊಂದು ದಿನ ಬರುವ ಬೈಕಿನವರ ಬಾಡಿಗೆ ನಂಬಿ ಯಾವ ಮಾಲೀಕ ದೀಪ ಉರಿಸುತ್ತಾನೆ?

ಪೋಲೆಂಡಿಗೆ ಹೋದರೆ ಚಿತ್ರವೇ ಬೇರೆ. ಅಲ್ಲಿ ಈ ಆಟಕ್ಕೆ ಜುಜೆಲ್ ಅನ್ನುತ್ತಾರೆ. ಅಂದರೆ ಕುಲುಮೆಯ ಕಿಟ್ಟ. ಹಿಂದೆ ಟ್ರ್ಯಾಕಿಗೆ ಕಿಟ್ಟದ ಪುಡಿ ಹಾಕುತ್ತಿದ್ದರಿಂದ ಬಂದ ಹೆಸರು. 1973ರಲ್ಲಿ ಹೊಜುಫ್ ಊರಿನ ಸ್ಟೇಡಿಯಮ್ಮಿನಲ್ಲಿ ವಿಶ್ವ ಫೈನಲ್ ನಡೆದಾಗ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಯೆಜಿ ಶ್ಚಾಕಿಯೆಲ್ ಎಂಬ ಹುಡುಗ ಎರಡು ವರ್ಷದ ಹಿಂದಿನ ಫೈನಲ್ಲಿನಲ್ಲಿ ಒಂದು ಅಂಕವನ್ನೂ ಗಳಿಸಿರಲಿಲ್ಲ. ಆ ದಿನ ಅಂಕ ಸಮವಾಗಿ ಐವನ್ ಮೇಜರ್ ಜೊತೆ ಕೊನೆಯ ಓಟಕ್ಕೆ ನಿಂತ. ಅವನನ್ನು ದಾಟಲು ಹೋಗಿ ಮೇಜರ್ ಬಿದ್ದ. ಪೋಲೆಂಡಿಗೆ ಮೊದಲ ಚಾಂಪಿಯನ್ ಸಿಕ್ಕಿದ್ದು ಹಾಗೆ. ಈಗ ಬಾರ್ಟೊಷ್ ಜ್ಮಾರ್ಜ್ಲಿಕ್ ಎಂಬ ಪೋಲೆಂಡಿನವನೇ ಆರು ಸಲ ಗೆದ್ದು ಮೇಜರ್, ರಿಕರ್ಡ್‌ಸನ್‌ರ ಪಕ್ಕ ನಿಂತಿದ್ದಾನೆ. ಆರನೆಯದು 2025ರಲ್ಲಿ, ಒಂದೇ ಒಂದು ಅಂಕದ ಅಂತರದಲ್ಲಿ ಬಂತು.

ಅಲ್ಲಿನ ಲೀಗಿನಲ್ಲಿ ಪ್ರತಿ ತಂಡವೂ ಎಳೆಯ ಸವಾರರನ್ನು ಕಡ್ಡಾಯವಾಗಿ ಇಳಿಸಬೇಕು. ಹಣವಿದೆ ಅಂತ ಬರೀ ಹೊರದೇಶದ ಸ್ಟಾರುಗಳನ್ನು ತುಂಬಿಕೊಳ್ಳುವ ಹಾಗಿಲ್ಲ. ಇನ್ನೊಂದು, ಅಲ್ಲಿ ಬಹಳ ಕಡೆ ಸ್ಟೇಡಿಯಂ ನಗರಸಭೆಯದು. ತೊರೂನ್ ನಗರ 2009ರಲ್ಲಿ ಸ್ಪೀಡ್‌ವೇಗೆಂದೇ ಹೊಸ ಸ್ಟೇಡಿಯಂ ಕಟ್ಟಿಸಿ, ಅದಕ್ಕೆ 1970ರಲ್ಲಿ ಓಟದಲ್ಲೇ ಮಡಿದ ತನ್ನ ಊರ ಸವಾರ ಮರಿಯನ್ ರೋಜೆಯ ಹೆಸರಿಟ್ಟಿತು. ಲೆಷ್ನೊದಲ್ಲಿ ಸ್ಟೇಡಿಯಮ್ಮಿಗೆ ಆಲ್ಫ್ರೆಡ್ ಸ್ಮೊಚಿಕ್ ಹೆಸರು, ಗೊಜುಫ್‌ನಲ್ಲಿ ಎಡ್ವರ್ಡ್ ಯಾನ್ಸಾಜ್ ಹೆಸರು. ಇಬ್ಬರೂ ಸವಾರರೇ. ಸತ್ತ ಸವಾರರ ಹೆಸರು ಅಲ್ಲಿ ಓಟ ನಡೆಯುವ ಜಾಗದ ಮೇಲಿದೆ, ಲಂಡನ್ನಿನಲ್ಲಿ ಕಾರು ನಿಲ್ಲಿಸುವ ಗಲ್ಲಿಯ ಮೇಲಿದೆ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ಮಾತೇನಲ್ಲ. ಮುಂಬೈಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ಮಾಟುಂಗಾದಲ್ಲಿ ಸ್ವಂತ ಕಟ್ಟಡ ಇರುವುದರಿಂದ ನಾಟಕಕ್ಕೆ ಅಲ್ಲಿ ಪರದೆ ಏಳುತ್ತದೆ. ದೆಹಲಿ ಕರ್ನಾಟಕ ಸಂಘಕ್ಕೂ ಆರ್.ಕೆ. ಪುರಂನಲ್ಲಿ ತನ್ನದೇ ಸೂರಿದೆ. ಶಾಲೆಯ ಹಾಲ್ ಬಾಡಿಗೆ ಹಿಡಿದು ರಾಜ್ಯೋತ್ಸವ ಮಾಡುವ ಸಂಘಗಳ ಪಾಡು ಬೇರೆ. ಹೊಸ ಹೆಡ್ಮಾಸ್ಟರ್ ಬಂದು ಭಾನುವಾರ ಹಾಲ್ ಕೊಡುವುದಿಲ್ಲ ಅಂದರೆ ಆ ವರ್ಷ ಡೊಳ್ಳು ಕುಣಿತ ಇಲ್ಲ.

ಚೆನ್ನೈಯಲ್ಲಿರುವವರಿಗೆ ಹತ್ತಿರದ ಉದಾಹರಣೆ ಬೇಕಾದರೆ ಶೋಲವರಂ ಇದೆ. ಎರಡನೇ ಮಹಾಯುದ್ಧದ ಹಳೆಯ ಏರ್‌ಸ್ಟ್ರಿಪ್ಪು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ದಶಕಗಳ ಕಾಲ ಅಲ್ಲಿ ಕಾರು, ಬೈಕು ಓಡಿಸಿದರು. ಬೆಂಗಳೂರಿನಿಂದಲೂ ಜನ ಹೋಗುತ್ತಿದ್ದರು. ನೆಲ ತಮ್ಮದಲ್ಲ ಎಂಬುದು ಕ್ಲಬ್ಬಿನ ಹಿರಿಯರಿಗೆ ತಿಳಿದಿತ್ತು. ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟುಕೋಟೆಯಲ್ಲಿ ಜಮೀನು ಕೊಂಡು 1990ರ ಹೊತ್ತಿಗೆ ಸ್ವಂತ ಟ್ರ್ಯಾಕ್ ಮಾಡಿಕೊಂಡರು. ಶೋಲವರಂ ಈಗ ನೆನಪು, ಇರುಂಗಾಟುಕೋಟೆಯಲ್ಲಿ ಇಂದಿಗೂ ರಾಷ್ಟ್ರೀಯ ಬೈಕ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಬೆಂಗಳೂರಿನ ಹುಡುಗರ ಬೈಕುಗಳು ಲಾರಿ ಹತ್ತಿ ಹೋಗುವುದು ಅಲ್ಲಿಗೇ.

ಬ್ರಿಟನ್ನಿನಲ್ಲಿ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮ್ಯಾಂಚೆಸ್ಟರಿನಲ್ಲಿ ಕ್ರೇವನ್‌ನ ಬೆಲ್ ವ್ಯೂ ಕ್ಲಬ್ಬಿಗೆ 2016ರಲ್ಲಿ ಹೊಸ ಸ್ಟೇಡಿಯಂ ಸಿಕ್ಕಿತು. ಕಾರ್ಡಿಫ್‌ನ ದೊಡ್ಡ ಸ್ಟೇಡಿಯಮ್ಮಿನಲ್ಲಿ ನಡೆಯುತ್ತಿದ್ದ ಬ್ರಿಟಿಷ್ ಗ್ರ್ಯಾಂಡ್ ಪ್ರೀ 2025ರಲ್ಲಿ ಅಲ್ಲಿಗೇ ಬಂತು. ಹತ್ತಾರು ಸಾವಿರ ಜನ ಹಿಡಿಯುವ ಜಾಗದಿಂದ ಕೆಲವು ಸಾವಿರದ ಜಾಗಕ್ಕೆ ಇಳಿದದ್ದನ್ನು ಕೆಲವರು ಅವಮಾನ ಅಂದರು. ನನಗೆ ಹಾಗನ್ನಿಸುವುದಿಲ್ಲ. ಕಾರ್ಡಿಫ್‌ನಲ್ಲಿ ಒಂದು ದಿನಕ್ಕಾಗಿ ಮಣ್ಣು ತಂದು ಸುರಿದು ಮಾರನೆಯ ದಿನ ಬಳಿದು ಹಾಕುತ್ತಿದ್ದರು. ಇಲ್ಲಿ ಮಣ್ಣು ವರ್ಷವಿಡೀ ಇರುತ್ತದೆ, ವಾರವಾರವೂ ಓಟ ಇರುತ್ತದೆ.

ಆಕ್ಸ್‌ಫರ್ಡ್ ಕ್ಲಬ್ಬು 2007ರಲ್ಲಿ ನಿಂತುಹೋಗಿತ್ತು. ಸ್ಟೇಡಿಯಮ್ಮಿನ ಜಾಗ ಮನೆ ಕಟ್ಟುವವರ ಕೈ ಸೇರಿತ್ತು, ಕೌನ್ಸಿಲ್ ಬಿಟ್ಟುಕೊಡಲಿಲ್ಲ. ಹದಿನೈದು ವರ್ಷದ ನಂತರ, 2022ರಲ್ಲಿ, ಗಿಡಗಂಟಿ ಕಡಿದು, ದೀಪ ಹಾಕಿ, ಹೊಸ ಕಲ್ಲಿನ ಪುಡಿ ಹರಡಿ ಮತ್ತೆ ಟೇಪು ಕಟ್ಟಿದರು. ಕ್ಲಬ್ಬು ಮುಚ್ಚಿದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಮಗು ಈಗ ಟಿಕೆಟ್ ಕೊಂಡು ಬರುವ ವಯಸ್ಸಿಗೆ ಬಂದಿದೆ. ಜಾಗದ ಮಾಲೀಕರು ಹಳಬರೇ. ನಡೆಸುವವರಿಗೆ ಸಿಕ್ಕಿರುವುದು ಹತ್ತು ವರ್ಷದ ಲೀಸು.